ಕಿಟಕಿಗೆ ಬೆನ್ನು

ಆಪರೇಷನ್‌ಗೆ ಅರಿವಳಿಕೆ ಕೊಡುವ ಅವರು ಆಸ್ಪತ್ರೆಗೆಲ್ಲ ನಿದ್ದೆ ಡಾಕ್ಟರು. ಬಂದವರನ್ನು ಕಿಟಕಿಯ ಬೆಳಕಿಗೆ ಎಳೆದು, ಕೆಳರೆಪ್ಪೆ ಜಗ್ಗಿ, "ಹಿಂದೆ ಯಾರಾದ್ರೂ ಔಷಧಿ ಕೊಟ್ಟು ಮಲಗಿಸಿದ್ರಾ? ಆಮೇಲೆ ಕಣ್ಣು ಹಳದಿ ಆಯ್ತಾ?" ಎಂದು ಜೀವ ತಿನ್ನುತ್ತಾರೆ. "ಕೆಲವರ ಮೈ ಮೊದಲ ಸಲ ನಿದ್ದೆ ಔಷಧಿಯ ಗುರುತು ಹಿಡ್ಕೊಳ್ಳುತ್ತೆ, ಮತ್ತೆ ಕಂಡ್ರೆ ಅದರ ಮೇಲಿನ ಸಿಟ್ಟಿಗೆ ತನ್ನ ಲಿವರನ್ನೇ ಕಚ್ಚುತ್ತೆ" ಎನ್ನುವುದು ಅವರ ನಿತ್ಯದ ಮಂತ್ರ. ಹಾಲಿನವನನ್ನು ಬಿಟ್ಟಿಲ್ಲ, ಬೀಗರನ್ನು ಬಿಟ್ಟಿಲ್ಲ. ಮದುವೆಗೆ ಹೋದರೆ ಮದುಮಗಳ ಕಣ್ಣನ್ನೂ ನೋಡಿಯೇ ಊಟಕ್ಕೆ ಏಳುತ್ತಾರೆ. ಆಪರೇಷನ್ ಕೋಣೆಯಲ್ಲಿ ಸೋರುವ ಆ ಔಷಧಿಯ ಆವಿಯನ್ನು ತಾವೂ ವರ್ಷಗಟ್ಟಲೆ ಕುಡಿದವರು. ಈಚೆಗೆ ಮನೆಗೆಲ್ಲ ಹಳದಿ ಬಲ್ಬು ಹಾಕಿಸಿ, ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಹಳದಿ ಬೆಳಕಲ್ಲಿ ಕಣ್ಣಿನ ಹಳದಿ ಕಾಣದೆಂದು ಹೆಂಡತಿಗೆ ಕಲಿಸಿದವರೂ ಅವರೇ. "ಸ್ವಲ್ಪ ಈ ಕಡೆ ತಿರುಗ್ರಿ" ಎಂದು ಆಕೆ ಕರೆದರೆ, ಕಣ್ಣು ಮುಚ್ಚಿಕೊಂಡೇ ತಿರುಗುತ್ತಾರೆ.