ಅಕ್ಕ ಇಲ್ಲದ ನೋಟ್‌ಬುಕ್

ಅಕ್ಕ ತೀರಿಕೊಂಡ ನಾಲ್ಕನೆಯ ತಿಂಗಳು ಎಮ್ಮಿಗನೂರಿನ ಹುಡುಗಿಯೊಬ್ಬಳು ನಮ್ಮ ಅಂಗಡಿಗೆ ಬಂದಳು. ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನೆಯವರನ್ನು ಕಳೆದುಕೊಂಡವರು ದಿನಾ ಅರ್ಧ ಗಂಟೆ ಅವರ ಬಗ್ಗೆ ಬರೆದರೆ ದುಃಖ ಹಗುರಾಗುತ್ತದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ತಕ್ಷಣ ಒಪ್ಪಿದೆ. ಅಕ್ಕನ ಬಗ್ಗೆ ಬರೆ ಎಂದು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದೆನೇನೋ.

ಆದರೆ ಎಲ್ಲರೂ ಅದನ್ನೇ ಬರೆಯುವಂತಿರಲಿಲ್ಲ. ಅರ್ಧ ಜನ ಹೋದವರ ಬಗ್ಗೆ ಬರೆಯಬೇಕು. ಉಳಿದವರು ಆ ದಿನ ಮಾಡಿದ ಕೆಲಸವನ್ನಷ್ಟೇ ಬರೆಯಬೇಕು. ಹೋದವರ ಮಾತು ಅದರಲ್ಲಿ ಬರಬಾರದು. ಎರಡನ್ನೂ ಹೋಲಿಸಿದರೇನೇ ಗೊತ್ತಾಗುವುದು. ಚೀಟಿ ಎತ್ತಿದೆವು. ನನಗೆ ಕೆಲಸದ ನೋಟ್‌ಬುಕ್ ಬಂತು. ಗಂಡನನ್ನು ಕಳೆದುಕೊಂಡಿದ್ದ ಪಕ್ಕದ ಮನೆಯಾಕೆಗೆ ಇನ್ನೊಂದು.

ನಮ್ಮದು ಆದೋನಿಯಲ್ಲಿ ಒಗ್ಗರಣಿ-ಬಜ್ಜಿ ಅಂಗಡಿ. ಒಗ್ಗರಣಿಗೆ ಮಂಡಕ್ಕಿ ನೆನೆಸುವುದು, ಕರಿಯುವುದು ನಾನು. ಮೆಣಸಿನಕಾಯಿ ಸೀಳುವುದು, ಹಿಟ್ಟು ಕಲಸುವುದು ಅಕ್ಕ. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಮೊದಲ ದಿನ ಬರೆದೆ: "ಮೆಣಸಿನಕಾಯಿ ಸೀಳಿದೆ. ಹಿಟ್ಟಿಗೆ ಓಮ ಹಾಕಿದೆ. ಹೆಚ್ಚಾಯಿತು." ಯಾಕೆ ಹೆಚ್ಚಾಯಿತು ಎಂದು ಬರೆಯುವಂತಿರಲಿಲ್ಲ. ಇನ್ನೊಂದು ದಿನ: "ಗಿರಾಕಿಯೊಬ್ಬರು ಏನೋ ಕೇಳಿದರು. ಹೇಳಿದೆ." ಅವರು ಕೇಳಿದ್ದು, ಎಲ್ಲಿ ನಿಮ್ಮಕ್ಕ ಕಾಣವಲ್ಲರು, ಎಂದು. ನನ್ನ ಕೆಲಸದಲ್ಲಿ ಅಕ್ಕ ಕೂರದ ಜಾಗವೇ ಇರಲಿಲ್ಲ. ಪ್ರತಿ ಸಾಲಿನಲ್ಲೂ ಅವಳನ್ನು ಸುತ್ತಿಕೊಂಡು ಹೋಗಬೇಕಾಗುತ್ತಿತ್ತು.

ಪಕ್ಕದ ಮನೆಯಾಕೆ ತನ್ನ ಖಾಲಿ ನೋಟ್‌ಬುಕ್ ತಂದಳು.

"ಬದಲಿ ಮಾಡ್ಕೊಳ್ಳಾಣು ತಗಿ. ನನ್ನ ಗಂಡ ಇದ್ದಾಗೇ ದಿನಕ್ಕ ನಾಕು ಮಾತಾಡ್ಲಿಲ್ಲ. ಈಗ ಹಾಳಿ ತುಂಬಾ ಏನಂತ ಬರೀಲಿ?"

"ಆ ಹುಡುಗಿಗೆ ಗೊತ್ತಾದ್ರ?"

"ಆಕಿಗೆ ಯಾರು ಹೇಳ್ತಾರ? ನಿನ್ನ ಬಜ್ಜಿ ಹೇಳತಾವೇನು?"

ಅವಳ ನೋಟ್‌ಬುಕ್ಕನ್ನು ಒಂದು ದಿನ ನನ್ನ ಹತ್ತಿರವೇ ಇಟ್ಟುಕೊಂಡೆ. ಮರುದಿನ ಹುಡುಗಿ ಬಂದಾಗ ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಬ್ಯಾಡ್ರಿ ಅಕ್ಕಾ," ಎಂದಳು. "ಬರಿಯೋ ಆಸೆ ಇದ್ದೋರೆಲ್ಲ ಒಂದ್ ಕಡಿ ಸೇರಿದ್ರ, ಹಗುರಾಗಿದ್ದು ಬರದದ್ದಕ್ಕೋ, ಅವ್ರ ಮನಸೇ ಹಂಗಿತ್ತೋ, ನನಗ ಹೆಂಗ ತಿಳೀಬೇಕು? ಅದಕ್ಕ ಚೀಟಿ ಹಾಕಿದ್ದು. ನಿಮಗ ಸಂಕಟಾದ್ರ ಬಿಟ್ಟುಬಿಡ್ರಿ. ಯಾರೂ ಏನೂ ಅನ್ನಂಗಿಲ್ಲ."

"ನನ್ನಂಥೋರೆಲ್ಲ ಬಿಟ್ರ?"

"ಸಂಕಟ ಇಲ್ಲದೋರು ಅಷ್ಟೇ ಉಳೀತಾರ್ರಿ. ಆಮ್ಯಾಲ ಇದರಿಂದ ಯಾರಿಗೂ ಸಂಕಟ ಆಗ್ಲಿಲ್ಲ ಅಂತ ಲೆಕ್ಕ ಬರ್ತೈತಿ."

ಬಾಗಿಲು ತೆರೆದೇ ಇತ್ತು. ಆದರೆ ನಾನು ಹೊರಗೆ ಹೋದರೆ ಅವಳ ಪರೀಕ್ಷೆ ಸುಳ್ಳು ಹೇಳುತ್ತದೆ. ಬಿಡಲಿಲ್ಲ. ಪಕ್ಕದ ಮನೆಯಾಕೆಗೆ ನೋಟ್‌ಬುಕ್ ವಾಪಸು ಕೊಟ್ಟೆ. ನನ್ನದರಲ್ಲಿ ಕೊನೆಯ ದಿನದವರೆಗೂ ಅಕ್ಕ ಇಲ್ಲದ ಸಾಲುಗಳನ್ನೇ ಬರೆದೆ. ನೋಟ್‌ಬುಕ್ ಕೊಡುವ ದಿನ ಹುಡುಗಿ ನಿದ್ದೆ, ಊಟ ಎಲ್ಲ ಕೇಳಿದಳು. ಇದ್ದದ್ದು ಇದ್ದಂತೆ ಹೇಳಿದೆ. ಕೆಲಸದ ಬಗ್ಗೆ ಬರೆಯುವುದೇ ನನಗೆ ಕಷ್ಟವಾಯಿತು ಎಂಬುದನ್ನೂ ಅವಳು ಬರೆದುಕೊಂಡಳು.

ಆಮೇಲೆ ಅಕ್ಕನ ಬಗ್ಗೆ ಬರೆಯಲೆಂದೇ ಈ ನೋಟ್‌ಬುಕ್ ಕೊಂಡು ತಂದೆ. ಇಲ್ಲಿ ತಡೆಯುವವರು ಯಾರೂ ಇಲ್ಲ. ಆದರೂ ಕೈ ಹಳೆಯ ದಾರಿಯನ್ನೇ ಹಿಡಿಯಿತು: ಮಂಡಕ್ಕಿ ನೆನೆಸಿದೆ, ಹಿಟ್ಟು ಕಲಸಿದೆ, ಎಣ್ಣೆ ಕಾಯಿಸಿದೆ. ಪುಟ ತುಂಬಿತು. ಅಕ್ಕ ಬರಲಿಲ್ಲ.

ಇವತ್ತು ಮೊದಲಿಗೇ ಬರೆದೆ: ಓಮವನ್ನು ಅಕ್ಕ ಮೂರು ಬೆರಳಲ್ಲಿ ಎತ್ತಿ, ಅಂಗೈಯಲ್ಲಿ ತಿಕ್ಕಿ ಹಾಕುತ್ತಿದ್ದಳು.

ಮುಂದಿನ ಸಾಲು ಇನ್ನೂ ಬಂದಿಲ್ಲ.