ಮೂಗುಮೇಸ್ತ್ರಿಯ ನಾಲ್ಕನೇ ಮೂಲೆ

ನಮ್ಮ ಭಾವನ ಮೂಗು ನೋಡುವುದಕ್ಕೆ ಅಂಥ ದೊಡ್ಡದೇನಲ್ಲ. ಆದರೂ ಎಲ್ಲರೂ ಅವರನ್ನು ಕರೆಯುವುದು ಮೂಗುಮೇಸ್ತ್ರಿ ಎಂದೇ. ಸೋರುವ ಚಾವಣಿ, ಜಿನುಗುವ ತೊಟ್ಟಿ, ಒಸರುವ ಗೋಡೆಗಳನ್ನು ಸರಿಮಾಡುವುದು ಅವರ ಕಸುಬು. ಮನೆಯೊಳಗೆ ಕಾಲಿಟ್ಟು ಎರಡು ಸಲ ಮೂಗೆಳೆದರೆ ಸಾಕು, "ಆ ಬೀರು ಸರಿಸಿ, ಹಿಂದೆ ಗೋಡೆ ನೆನೆದಿದೆ" ಎನ್ನುತ್ತಿದ್ದರು. ಸರಿಸಿದರೆ ನೆನೆದೇ ಇರುತ್ತಿತ್ತು. "ಹಾಲು ಉಕ್ಕೋಕೆ ಮುಂಚೆನೇ ಇವರಿಗೆ ಗೊತ್ತಾಗುತ್ತೆ, ಎದ್ದು ಬಂದು ಒಲೆ ಆರಿಸಲ್ಲ ಅಷ್ಟೇ" ಎಂದು ನಮ್ಮಕ್ಕ ಗೊಣಗುತ್ತಿದ್ದಳು.

ಅಕ್ಕನದು ಇನ್ನೊಂದು ಥರ. ಅವಳ ಬಾಯಲ್ಲಿ 'ಬೇಡ' ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ಒಪ್ಪಿಗೆಯಾದರೆ 'ಹೂಂ' ಎನ್ನುವಳು, ಇಲ್ಲದಿದ್ದರೆ ಸುಮ್ಮನಿರುವಳು. ಚಿಕ್ಕಂದಿನಲ್ಲಿ ಅವಳ ಲಂಗ ಕೇಳಿ, ಅವಳು ಸುಮ್ಮನಿದ್ದಳೆಂದು ತೊಟ್ಟುಕೊಂಡು ಹೋಗಿ, ಬಂದ ಮೇಲೆ ಬೆನ್ನಿಗೆ ಸರಿಯಾಗಿ ಏಟು ತಿಂದಿದ್ದೇನೆ. ಮೌನಂ ಸಮ್ಮತಿ ಲಕ್ಷಣಂ ಎನ್ನುವ ಮಾತು ನಮ್ಮಕ್ಕನನ್ನು ನೋಡದವರು ಕಟ್ಟಿದ್ದು.

ನಾಲ್ಕು ವರ್ಷದ ಹಿಂದೆ ಭಾವನಿಗೆ ಒಂದು ಕೆಟ್ಟ ಜ್ವರ ಬಂದು ಬಿಟ್ಟಿತು. ಆಮೇಲಿಂದ ಅಕ್ಕ ಬುತ್ತಿ ಹಿಡಿದು ಅವರು ಹೋದಲ್ಲೆಲ್ಲ ಹೊರಟಳು. ಮುದುಕರಾಗುವ ಹೊತ್ತಿಗೆ ಹೊಸ ಮದುಮಕ್ಕಳಾಗಿದ್ದಾರೆ ಎಂದು ನಾವೆಲ್ಲ ನಕ್ಕೆವು. ಭಾವ ಗೋಡೆಗೆ ಬಗ್ಗಿ, "ಹೇಗಿದೆ?" ಎಂದು ಕೇಳುತ್ತಿದ್ದರು. ಪಕ್ಕದಲ್ಲಿ ಬಗ್ಗಿದ ಅಕ್ಕ 'ಹೂಂ' ಎನ್ನುತ್ತಿದ್ದಳು. ಹೆಂಡತಿಗೆ ಕೆಲಸ ತೋರಿಸಿ ಜಂಬ ಪಡುತ್ತಿದ್ದಾರೆ ಎಂದುಕೊಂಡಿದ್ದೆ. ಕಳೆದ ವರ್ಷ ಅಕ್ಕ ತೀರಿಕೊಂಡಳು. ಬಟ್ಟೆ ಮಡಚುತ್ತಾ ಕೂತವಳು ಮತ್ತೆ ಏಳಲಿಲ್ಲ.

ಅದಾಗಿ ಏಳು ತಿಂಗಳಿಗೆ ನಾನು ಮೀನಿನ ತೊಟ್ಟಿಗೆ ಕೈಹಾಕಿದೆ. ಹದಿನೆಂಟು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಬೆನ್ನು ಹೋಗಿತ್ತು. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದೆ ಕೋಣೆಯಷ್ಟು ದೊಡ್ಡ ಕಾಂಕ್ರೀಟ್ ತೊಟ್ಟಿಯೊಂದು ಬಾಡಿಗೆಗೆ ಸಿಕ್ಕಿತು. ತೊಟ್ಟಿಯಲ್ಲಿ ಮೀನು, ಪಕ್ಕದ ಜಲ್ಲಿ ಮಡಿಗಳಲ್ಲಿ ಸೊಪ್ಪು. ಮೀನಿನ ನೀರು ಸೊಪ್ಪಿಗೆ ಹೋಗಿ, ತಿಳಿಯಾಗಿ ಮತ್ತೆ ಮೀನಿಗೇ ಬರಬೇಕು. ಇದು ಕೈಕೊಟ್ಟರೆ ಮತ್ತೆ ಯಂತ್ರದ ಮುಂದೆ ಕೂರುವ ಬೆನ್ನು ನನಗಿರಲಿಲ್ಲ. ಭಾವನನ್ನು ಬಿಟ್ಟು ಬೇರೆ ಯಾರನ್ನು ಕರೆಯಲಿ?

ಅವರು ತೊಟ್ಟಿಯ ಗೋಡೆಯನ್ನು ಬೆರಳಿನಿಂದ ತಟ್ಟುತ್ತಾ ಒಂದು ಸುತ್ತು ಬಂದರು.

"ಡಾಂಬರು ಬಳಿದುಬಿಡಿ ಭಾವ, ಅಗ್ಗ ಅಂತಾರೆ."

"ಅಗ್ಗನೇ. ಮೀನಿಗೆ ವಿಷ. ನಿನಗೂ ವಿಷ, ಆ ಸೊಪ್ಪು ತಿಂದ್ರೆ."

"ಅಂಗಡಿಯವನು ಎಪಾಕ್ಸಿ ಬಣ್ಣ ಬಳಿಸಿ ಅಂದ."

"ಥಿನ್ನರ್ ಇಲ್ಲದ್ದು ಬೇಕು. ಅದರ ರೇಟಿಗೆ ನೀನು ಮೀನಿನ ಬದಲು ಮೊಸಳೆ ಸಾಕಬಹುದು. ಕುಡಿಯೋ ನೀರಿನ ಟ್ಯಾಂಕಿಗೆ ಬಳಿಯೋ ಸಿಮೆಂಟ್ ಕೋಟಿಂಗ್ ಸಾಕು. ಎರಡು ಕೈ, ಒಂದು ಅಡ್ಡ, ಒಂದು ಉದ್ದ. ಆಮೇಲೆ ಮೂರು ಸಲ ನೀರು ತುಂಬಿ ಚೆಲ್ಲಬೇಕು, ಸುಣ್ಣ ಬಿಡುತ್ತೆ. ಮೂಲೆಗೆ ಮಾತ್ರ ಟ್ಯೂಬಿನಲ್ಲಿ ಬರೋ ಸಿಲಿಕೋನ್ ಅಂಟು. ಅದರಲ್ಲೂ ಸಾದಾದು. ಬಚ್ಚಲುಮನೆಗೆ ಹಾಕ್ತಾರಲ್ಲ, ಬೂಷ್ಟು ಹಿಡಿಯಲ್ಲ ಅಂತ ಬರೆದಿರುತ್ತೆ, ಅದನ್ನ ಮುಟ್ಟಬಾರದು. ಬೂಷ್ಟು ಸಾಯೋ ಜಾಗದಲ್ಲಿ ಮೀನು ಬದುಕಲ್ಲ."

ಇಷ್ಟು ತಿಳಿದವರು ಅವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ಕೈ ಬಳಿದಾಗಿತ್ತು. ಮೂಲೆಗಳ ಕೆಲಸ ನಡೆದ ದಿನ ಮಧ್ಯಾಹ್ನ ನಾನು ಚಹಾ ತಂದೆ. ತೊಟ್ಟಿಯೊಳಗಿಂದ ಭಾವನ ದನಿ ಕೇಳಿಸಿತು. "ಹೇಗಿದೆ?" ಸ್ವಲ್ಪ ಹೊತ್ತು ಬಿಟ್ಟು, "ಸರಿ ಹಾಗಾದರೆ." ಯಾರನ್ನೋ ಕರೆದುಕೊಂಡು ಬಂದಿದ್ದಾರೆ ಎಂದುಕೊಂಡು ಬಗ್ಗಿ ನೋಡಿದೆ. ಒಬ್ಬರೇ ಇದ್ದರು. ಮೊದಲನೇ ಮೂಲೆ ಬಿಟ್ಟು ಎರಡನೇದಕ್ಕೆ ಹೋದರು, ಕುಕ್ಕರುಗಾಲಲ್ಲಿ ಕೂತರು, ಕತ್ತು ಓರೆಮಾಡಿ ಪಕ್ಕದ ಖಾಲಿ ಜಾಗವನ್ನು ಕೇಳಿದರು. ಕಾದರು. ತಲೆಯಾಡಿಸಿದರು. ಮೂರನೇದರಲ್ಲೂ ಹಾಗೆಯೇ. ನಾಲ್ಕನೇ ಮೂಲೆಯಲ್ಲಿ, ನೀರು ಹೊರಹೋಗುವ ಪೈಪಿನ ಹತ್ತಿರ, ಬಹಳ ಹೊತ್ತು ಕಾದರು. ಎರಡು ಸಲ ಕೇಳಿದರು. ಕೊನೆಗೆ ತಾವೇ "ಆಯ್ತು" ಎಂದು ಎದ್ದರು. ನನ್ನ ಕೈಯಲ್ಲಿ ಚಹಾ ತಣ್ಣಗಾಗಿತ್ತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಪಾಪ ಅನ್ನಿಸಿತು. ದುಃಖದಲ್ಲಿದ್ದಾರೆ, ಮಾತಾಡಿಕೊಳ್ಳಲಿ ಬಿಡು ಎಂದು ಸುಮ್ಮನಾದೆ.

ಮೂರು ಸಲ ನೀರು ತುಂಬಿ ಚೆಲ್ಲಿದೆವು. ನಾಲ್ಕನೇ ಸಲ ತುಂಬಿ, ಹತ್ತು ಮೀನು ಬಿಟ್ಟು ನೋಡಿದೆವು. ಮುಂದಿನ ಶುಕ್ರವಾರ ಐನೂರು ಮರಿ ಬರುವುದಿತ್ತು.

ಮೊದಲ ದಿನ ಗಮನಿಸಲಿಲ್ಲ. ಎರಡನೇ ದಿನ ಮಧ್ಯಾಹ್ನ ನೋಡುತ್ತೇನೆ, ಹತ್ತೂ ಮೀನು ಮೂರು ಮೂಲೆಗಳಲ್ಲಿ ಹಂಚಿಕೊಂಡಿವೆ. ನಾಲ್ಕನೇದು ಖಾಲಿ. ಈಜುತ್ತಾ ಬಂದ ಮೀನು ಅಲ್ಲಿಗೆ ಒಂದು ಮೊಳ ಇರುವಂತೆ ನಿಂತು, ತಿರುಗಿ ಹೋಗುತ್ತಿತ್ತು. ಹಿರಿಯರು ಕೂತ ಜಾಗವನ್ನು ಬಳಸಿಕೊಂಡು ಹೋಗುತ್ತೇವಲ್ಲ, ಹಾಗೆ. ಅಲ್ಲಿಗೇ ಆಹಾರ ಎಸೆದೆ. ಕಾಳು ನೀರಿನಲ್ಲಿ ನೆನೆದು ತಳಕ್ಕಿಳಿಯಿತು, ಒಂದೂ ಬರಲಿಲ್ಲ. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಸೂರ್ಯ, ಮೈಯೆಲ್ಲ ಜುಮ್ಮೆಂದಿತು. ಮೂರನೇ ದಿನ ಎರಡು ಮೀನು ಹೊಟ್ಟೆ ಮೇಲೆ ಮಾಡಿದ್ದವು.

ಭಾವ ಬಂದರು. ಉಳಿದ ಮೀನನ್ನು ಡ್ರಮ್ಮಿಗೆ ಹಾಕಿ ತೊಟ್ಟಿಯ ನೀರನ್ನು ಹೊರಬಿಟ್ಟೆವು. ನಾನೂ ಇಳಿದೆ. ನಾಲ್ಕನೇ ಮೂಲೆಗೆ ಬಗ್ಗಿದರೆ ಆಸ್ಪತ್ರೆಯ ಮೊಗಸಾಲೆಯ ಹಾಗೆ ಒಂದು ಘಾಟು, ತೆಳ್ಳಗೆ.

"ಭಾವ, ಇದೇನು ವಾಸನೆ?"

ಅವರು ಬಗ್ಗಿದರು, ಮೂಗೆಳೆದರು, ನನ್ನ ಮುಖ ನೋಡಿದರು. "ಇದೆಯಾ?" ಎಂದರು.

ಆ ಒಂದು ಮಾತಿಗೆ ನನಗೆ ಎಲ್ಲ ಗೊತ್ತಾಯಿತು. ಅವರು ತೊಟ್ಟಿಯ ನೆಲದ ಮೇಲೆ, ಆ ಒದ್ದೆಯಲ್ಲೇ ಕೂತುಬಿಟ್ಟರು.

"ಆ ಜ್ವರದಲ್ಲಿ ಹೋಯ್ತು, ಪುಟ್ಟಿ. ಒಂದು ವಾಸನೆನೂ ಬರಲ್ಲ. ನಿಮ್ಮಕ್ಕನೇ ನನ್ನ ಮೂಗಾಗಿದ್ದಳು. ಯಾರಿಗೂ ಹೇಳಬೇಡ ಅಂದಿದ್ದೆ. ಮೂಗುಮೇಸ್ತ್ರಿಗೆ ಮೂಗಿಲ್ಲ ಅಂದ್ರೆ ಯಾರು ಕೆಲಸ ಕೊಡ್ತಾರೆ?"

"ಈಗ ಯಾರನ್ನ ಕೇಳ್ತಿದ್ರಿ?"

"ಅವಳನ್ನೇ. ಹೇಳ್ತಾಳೆ. ಮೂರು ಮೂಲೆಗೂ ಹೂಂ ಅಂದಳು. ನಾಲ್ಕನೇದಕ್ಕೆ ಬರೋ ಹೊತ್ತಿಗೆ ನಿನಗೆ ಅಂತ ತಂದ ಸಿಲಿಕೋನ್ ಟ್ಯೂಬು ಮುಗಿದಿತ್ತು. ಇನ್ನೊಂದು ತರಿಸೋದು ಯಾಕೆ, ನಿನಗೆ ಖರ್ಚು ಅಂತ ಚೀಲದಲ್ಲಿ ಹಳೇ ಟ್ಯೂಬೊಂದರಲ್ಲಿ ಅರ್ಧ ಉಳಿದಿದ್ದನ್ನ ಹಾಕಿದೆ. ಅದರ ಮೇಲಿನ ಸಣ್ಣ ಅಕ್ಷರ ಕಣ್ಣಿಗೆ ಕಾಣಲಿಲ್ಲ. ಎರಡು ಸಲ ಕೇಳಿದೆ. ಏನೂ ಅನ್ನಲಿಲ್ಲ. ಬೇಡ ಅಂದಿದ್ರೆ ಹಾಕ್ತಿರಲಿಲ್ಲ."

ಅವರ ಚೀಲ ಸುರಿದೆ. ಖಾಲಿ ಟ್ಯೂಬು ಸಿಕ್ಕಿತು. ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಬಚ್ಚಲುಮನೆಗೆ, ಬೂಷ್ಟು ಹಿಡಿಯದು.

ಸಿಟ್ಟು ಬಂದಿತ್ತು. ಗೊತ್ತಾಗದೆ ಹೋಗಿದ್ದರೆ ಐನೂರು ಮರಿ ಅದೇ ನೀರಿಗೆ ಬೀಳುತ್ತಿದ್ದವು. ಬೈಯಲು ಬಾಯಿ ತೆರೆದವಳು ಬೇರೆಯೇ ಹೇಳಿದೆ. "ಭಾವ, ಮೂವತ್ತು ವರ್ಷ ಸಂಸಾರ ಮಾಡಿದ್ದೀರಿ. ಅಕ್ಕ ಯಾವತ್ತಾದರೂ ಬೇಡ ಅಂದಿದ್ದಳಾ?"

ಅವರು ನನ್ನನ್ನೇ ನೋಡಿದರು. ಕಣ್ಣು ತುಂಬಿ ಬಂತು.

"ಹೇಳಿದ್ದಳು ಹಾಗಾದರೆ," ಎಂದರು. "ನಾನೇ ಕೇಳಿಸ್ಕೊಳ್ಳಲಿಲ್ಲ."

ಆ ಮೂಲೆಯನ್ನು ಉಳಿಯಿಂದ ಕೆತ್ತಿ, ಕಲ್ಲು ಕಾಣುವವರೆಗೂ ತೆಗೆದು, ಹೊಸ ಸಿಮೆಂಟು ಕೂರಿಸಿ ಕೋಟಿಂಗ್ ಬಳಿದರು. ಮರಿಗಳವನಿಗೆ ಎರಡು ವಾರ ತಡಮಾಡು ಎಂದೆ, ಗೊಣಗುತ್ತಾ ಒಪ್ಪಿದ. ಸಾದಾ ಸಿಲಿಕೋನನ್ನು ಅಂಗಡಿಯಿಂದ ನಾನೇ ಓದಿ ತಂದೆ. ಅದರ ಹುಳಿ ವಾಸನೆ ಪೂರ್ತಿ ಹೋಗಲು ಒಂದು ವಾರ ಹಿಡಿಯಿತು. ದಿನಾ ಇಳಿದು ಮೂಸಿದವಳು ನಾನು. ಇನ್ನು ಮೇಲೆ ಕೆಲಸಕ್ಕೆ ನಿಮ್ಮ ಜೊತೆ ನಾನೇ ಬರುತ್ತೇನೆ ಎಂದೂ ಭಾವನಿಗೆ ಹೇಳಿದ್ದೆ.

ಕೊನೆಯ ದಿನ ಇಬ್ಬರೂ ಆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಒಂದು ಚೂರೂ ವಾಸನೆಯಿರಲಿಲ್ಲ. ಭಾವ ಕತ್ತು ಓರೆಮಾಡಿದರು, ನನ್ನ ಕಡೆಗಲ್ಲ, ಇನ್ನೊಂದು ಕಡೆಗೆ. "ಹೇಗಿದೆ?" ಎಂದರು.

ಚೆನ್ನಾಗಿದೆ ಎನ್ನಬೇಕೆಂದು ನಾನು ಉಸಿರು ತೆಗೆದುಕೊಂಡೆ. ಬಾಯಿ ತೆರೆಯುವ ಮೊದಲೇ ಅವರು ತಲೆಯಾಡಿಸಿ, "ಸರಿ ಹಾಗಾದರೆ" ಎಂದು ಏಣಿ ಹತ್ತಿದರು.

ಈಗ ತೊಟ್ಟಿಯಲ್ಲಿ ಐನೂರಕ್ಕೆ ಹತ್ತಿಪ್ಪತ್ತು ಕಡಿಮೆ ಮೀನುಗಳಿವೆ, ನಾಲ್ಕೂ ಮೂಲೆಗೆ ಹೋಗುತ್ತವೆ. ಸೊಪ್ಪು ಮೊಣಕೈಯೆತ್ತರ ಬಂದಿದೆ. ಬೆಳಿಗ್ಗೆ ಆಹಾರ ಹಾಕುವಾಗ ಎಷ್ಟೋ ಸಲ ಕೇಳಬೇಕು ಅನ್ನಿಸುತ್ತದೆ. ಹೇಗಿದೆ ಅಕ್ಕಾ, ಸರಿಯಾಗಿ ನಡೆಸ್ತಿದ್ದೀನಾ ಎಂದು. ಆದರೆ ಕೇಳುವುದಿಲ್ಲ. ಅವಳು ಸುಮ್ಮನಿದ್ದುಬಿಟ್ಟರೆ?