ಒಂದು ತೂತು ಕೆಳಗೆ

ಹೊಸ ಮೋಟಾರಿಗೆ ಹೊಳೆಯ ಕಲ್ಲು ತಗುಲೀತೆಂದು ಹೆದರಿ, ಅಂಬಿಗ ಅದನ್ನು ಮಗುವನ್ನು ಹೆಗಲೇರಿಸಿದಂತೆ ದೋಣಿಯ ಹಿಂಬದಿಗೆ ಎತ್ತರದಲ್ಲಿ ಬಿಗಿದಿದ್ದ. ತಿರುವು ಬಂದರೆ ಸಾಕು, ಮೋಟಾರು ಅರಚುತ್ತಿತ್ತು, ದೋಣಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ದೋಣಿಗೆ ಬರುತ್ತಿದ್ದ ಜನರೆಲ್ಲ ಬಸ್ಸು ಹಿಡಿದರು. ಇವತ್ತೂ ಸರಿಹೋಗದಿದ್ದರೆ ದೋಣಿಯನ್ನೇ ಮಾರುವುದೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಮೆಕ್ಯಾನಿಕ್ ಆಗಿದ್ದ ಅವನ ಅತ್ತಿಗೆ ಓಡುವ ದೋಣಿಯಲ್ಲಿ ಬೋರಲು ಮಲಗಿ ಮೋಟಾರಿನ ಬುಡ ಇಣುಕಿದಳು.

“ಮೈದುನಪ್ಪಾ, ದೋಣಿ ತಳ್ಳೋ ನಿನ್ನ ಫ್ಯಾನು ತಿರುವಲ್ಲಿ ನೀರು ಬಿಟ್ಟು ಗಾಳಿ ಕುಡೀತಿದೆ. ಮೇಲೇರಿ ಕೂತವರದ್ದೆಲ್ಲ ಇದೇ ಕತೆ, ಬರೀ ಸದ್ದು!”

ದಡದಲ್ಲಿ ಬೋಲ್ಟು ಬಿಚ್ಚಿ, ಸಾಲಾಗಿದ್ದ ಬೋಲ್ಟಿನ ತೂತುಗಳಲ್ಲಿ ಮೋಟಾರನ್ನು ಒಂದೇ ಒಂದು ತೂತು ಕೆಳಗಿಳಿಸಿ ಬಿಗಿದಳು. ಅದೇ ತಿರುವಿನಲ್ಲಿ ಈಗ ಮೋಟಾರು ಗುನುಗಿತು, ದೋಣಿ ಮೀನಿನಂತೆ ಹೊರಳಿ ಮುನ್ನುಗ್ಗಿತು. ಹೆಬ್ಬೆರಳಿನಷ್ಟು ಇಳಿಸಿದ್ದಕ್ಕೆ ಇಡೀ ಹೊಳೆಯೇ ಅಂಬಿಗನ ಬೆನ್ನಿಗೆ ನಿಂತಿತ್ತು.